ಮಾರ್ಪಡಿಸಿದ ಲಿಪಿಡ್‌ಗೆ ಪೇಟೆಂಟ್: ಅರ್ಜಿ ಸಲ್ಲಿಸುವ ಮೊದಲು ಮಾಡಬೇಕಾದ ಕೆಲಸಗಳು

ಔಷಧವನ್ನು ದೇಹದ ಗೊತ್ತುಪಡಿಸಿದ ಅಂಗಕ್ಕೇ ತಲುಪಿಸುವ ನ್ಯಾನೊಕಣಗಳಿಗಾಗಿ ಹೊಸ ಲಿಪಿಡ್ (ಕೊಬ್ಬಿನಂಥ ಅಣು) ಒಂದನ್ನು ತಯಾರಿಸಿದವರು, ‘ಈ ಅಣು ಇದುವರೆಗೆ ಎಲ್ಲಿಯೂ ಇರಲಿಲ್ಲ, ಆದ್ದರಿಂದ ಪೇಟೆಂಟ್ ಸಿಕ್ಕೇ ಸಿಗುತ್ತದೆ’ ಎಂದು ಭಾವಿಸುವುದು ಸಹಜ. ಆದರೆ ನವೀನತೆ ಮೊದಲ ಮೆಟ್ಟಿಲು ಮಾತ್ರ. ಇಂಥ ಅರ್ಜಿಗಳು ಎಡವುವುದು ಆವಿಷ್ಕಾರಕ ಹೆಜ್ಜೆಯ ಪ್ರಶ್ನೆಯಲ್ಲಿ: ಈ ಕ್ಷೇತ್ರದಲ್ಲಿ ನುರಿತ ರಸಾಯನಶಾಸ್ತ್ರಜ್ಞರಿಗೆ ಆ ಮಾರ್ಪಾಡು ತಾನಾಗಿಯೇ ಹೊಳೆಯುತ್ತಿತ್ತೇ, ಅದರ ಫಲವನ್ನು ಅವರು ಮೊದಲೇ ಊಹಿಸಬಹುದಿತ್ತೇ? ಇದಕ್ಕೆ ಉತ್ತರ ವಕೀಲರ ಮೇಜಿನ ಮೇಲೆ ಹುಟ್ಟುವುದಿಲ್ಲ. ಅದು ಪ್ರಯೋಗಾಲಯದಲ್ಲಿ, ಅರ್ಜಿ ಬರೆಯುವುದಕ್ಕೆ ಮೊದಲೇ ಸಿದ್ಧವಾಗಬೇಕು.

ಮೊದಲು, ಆವಿಷ್ಕಾರ ಯಾವುದು ಎಂದು ನಿರ್ಧರಿಸಿ. 2018ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಆನ್‌ಪ್ಯಾಟ್ರೊ ಔಷಧದ ಕಣವನ್ನೇ ನೋಡಿ. ಅದರಲ್ಲಿ ಎಂಸಿ3 ಎಂಬ ಅಯಾನೀಕರಣಗೊಳ್ಳುವ ಲಿಪಿಡ್, ಡಿಎಸ್‌ಪಿಸಿ ಎಂಬ ಫಾಸ್ಫೊಲಿಪಿಡ್, ಕೊಲೆಸ್ಟರಾಲ್ ಮತ್ತು ಪೆಗ್ ಲಿಪಿಡ್ (ಪಾಲಿಎಥಿಲೀನ್ ಗ್ಲೈಕಾಲ್ ಸರಪಳಿ ಜೋಡಿಸಿದ ಲಿಪಿಡ್) ಇವು 50:10:38.5:1.5ರ ಮೋಲಾರ್ ಅನುಪಾತದಲ್ಲಿವೆ. ಇಂಥ ಕಣದಲ್ಲಿ ಹೊಸ ಅಣು, ಘಟಕಗಳ ಅನುಪಾತ, ತಯಾರಿಕೆಯ ವಿಧಾನ, ಚಿಕಿತ್ಸೆಯ ಬಳಕೆ ಇವುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಕ್ಲೇಮ್ (ಹಕ್ಕುಕೋರಿಕೆ) ಬರೆಯಲು ಸಾಧ್ಯ. ಅಣುವಿನ ಮೇಲಿನ ಕ್ಲೇಮ್ ಅತ್ಯಂತ ಬಲವಾದದ್ದು, ಏಕೆಂದರೆ ಅದನ್ನು ಯಾವ ಕಣದಲ್ಲಿ ಬಳಸಿದರೂ ಹಕ್ಕು ಅನ್ವಯಿಸುತ್ತದೆ. ಹಾಗೆಂದು ಅನುಪಾತದ ಕ್ಲೇಮನ್ನು ಕಡೆಗಣಿಸಬಾರದು. ಕ್ಯಾಟಯಾನಿಕ್ (ಧನಾವೇಶದ) ಲಿಪಿಡ್ ಶೇ 50ರಿಂದ 65ರಷ್ಟಿರುವ ಕಣಗಳನ್ನು ಕುರಿತ ಆರ್ಬ್ಯೂಟಸ್ ಕಂಪನಿಯ ಪೇಟೆಂಟ್ ಒಂದನ್ನು ಮಾಡರ್ನಾ ಪ್ರಶ್ನಿಸಿದಾಗ, ಅದು ಸಿಂಧುವಾಗಿಯೇ ಉಳಿಯುವ ತೀರ್ಪನ್ನು ಅಮೆರಿಕದ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯವು 2021ರ ಡಿಸೆಂಬರ್‌ನಲ್ಲಿ ಎತ್ತಿಹಿಡಿಯಿತು.

ಮುಂದಿನದು ಶೋಧ. ಒಂದೇ ಲಿಪಿಡ್‌ಗೆ ಒಬ್ಬೊಬ್ಬರು ಒಂದೊಂದು ಹೆಸರು ಇಟ್ಟಿರುವುದರಿಂದ ಹೆಸರಿನಿಂದ ಹುಡುಕಿದರೆ ಸಾಲದು, ರಚನಾಸೂತ್ರವನ್ನೇ ಬರೆದು ಹುಡುಕಬೇಕು. ಮಾರ್ಕುಷ್ ಸೂತ್ರಗಳನ್ನೂ, ಅಂದರೆ ‘ಆರ್1 ಎಂಬುದು ಇವುಗಳಲ್ಲಿ ಯಾವುದಾದರೂ ಒಂದು’ ಎಂಬ ಮಾದರಿಯಲ್ಲಿ ಸಾವಿರಾರು ಅಣುಗಳನ್ನು ಒಟ್ಟಿಗೆ ಹಿಡಿದಿಡುವ ಸೂತ್ರಗಳನ್ನೂ ಜಾಲಾಡಬೇಕು. ನಿಮ್ಮ ಅಣು ಅಂಥ ವಿಶಾಲ ಸೂತ್ರದೊಳಗೆ ಬಿದ್ದ ಮಾತ್ರಕ್ಕೆ ಅದರ ನವೀನತೆ ಸಾಮಾನ್ಯವಾಗಿ ಹೋಗುವುದಿಲ್ಲ, ಆದರೆ ಆ ಪೇಟೆಂಟ್‌ನಲ್ಲಿ ಬಿಡಿಯಾಗಿ ವಿವರಿಸಿದ ಉದಾಹರಣೆಗಳಲ್ಲಿ ಯಾವುದು ನಿಮ್ಮ ಅಣುವಿಗೆ ಅತಿ ಸಮೀಪವೆಂಬುದನ್ನು ಗುರುತು ಮಾಡಿಟ್ಟುಕೊಳ್ಳಿ. ನಿಮ್ಮದೇ ಪೋಸ್ಟರ್, ಪ್ರಬಂಧದ ಸಾರಾಂಶ, ಗ್ರಂಥಾಲಯದ ಕಪಾಟು ಸೇರಿದ ಪಿಎಚ್‌ಡಿ ಮಹಾಪ್ರಬಂಧ ಇವೂ ಪೂರ್ವಜ್ಞಾನವೇ, ಅಂದರೆ ಅರ್ಜಿಗೆ ಮೊದಲೇ ಬಹಿರಂಗವಾದ ಮಾಹಿತಿಯೇ. ಅಮೆರಿಕದಲ್ಲಿ ಸ್ವಂತ ಪ್ರಕಟಣೆಗೆ ಒಂದು ವರ್ಷದ ವಿನಾಯಿತಿ ಇದೆ. ಯುರೋಪಿನಲ್ಲಿ ಅಂಥ ಸಾಮಾನ್ಯ ವಿನಾಯಿತಿ ಇಲ್ಲ. ಅರ್ಜಿ ಮೊದಲು, ಪೋಸ್ಟರ್ ನಂತರ ಎಂಬ ಕ್ರಮವನ್ನು ದಯವಿಟ್ಟು ಮುರಿಯಬೇಡಿ.

ಗುರುತಿಸಿಟ್ಟ ಆ ಸಮೀಪದ ಅಣುವಿನ ಜೊತೆಗಿನ ಹೋಲಿಕೆಯೇ ಅರ್ಜಿಯ ಜೀವಾಳ. ನೀವು ಲಿಪಿಡ್‌ನ ಬಾಲದಲ್ಲಿ (ಉದ್ದನೆಯ ಇಂಗಾಲದ ಸರಪಳಿಯಲ್ಲಿ) ಒಂದು ಎಸ್ಟರ್ ಬಂಧ ಸೇರಿಸಿದ್ದೀರಿ ಎಂದಿಟ್ಟುಕೊಳ್ಳೋಣ. ದೇಹದ ಎಸ್ಟರೇಸ್ ಕಿಣ್ವಗಳು ಎಸ್ಟರ್ ಬಂಧವನ್ನು ಕತ್ತರಿಸುತ್ತವೆ ಎಂಬುದು ತಿಳಿದ ಸಂಗತಿ, ಆದ್ದರಿಂದ ‘ಬೇಗ ವಿಘಟನೆಯಾಗುತ್ತದೆ’ ಎಂಬ ಫಲಿತಾಂಶವನ್ನು ಪೇಟೆಂಟ್ ಕಚೇರಿಯ ಪರೀಕ್ಷಕರು ನಿರೀಕ್ಷಿತವೆಂದೇ ಹೇಳುತ್ತಾರೆ. ‘ಯಕೃತ್ತಿಗೆ ತಲುಪುತ್ತದೆ’ ಎಂಬುದೂ ಅಷ್ಟೆ, ಏಕೆಂದರೆ ರಕ್ತದಲ್ಲಿ ಇಂಥ ಕಣಗಳಿಗೆ ಅಪೊಲಿಪೊಪ್ರೋಟೀನ್-ಇ ಅಂಟಿಕೊಂಡು, ಎಲ್‌ಡಿಎಲ್ ಗ್ರಾಹಿಗಳ ಮೂಲಕ ಅವು ಹೇಗೂ ಯಕೃತ್ತಿನ ಕೋಶಗಳನ್ನು ಸೇರುತ್ತವೆ. ಶಾಶ್ವತ ಧನಾವೇಶದ ಲಿಪಿಡ್ ಬೆರೆಸಿದರೆ ಕಣ ಶ್ವಾಸಕೋಶದ ಕಡೆಗೆ, ಋಣಾವೇಶದ್ದನ್ನು ಬೆರೆಸಿದರೆ ಗುಲ್ಮದ (ಸ್ಪ್ಲೀನ್) ಕಡೆಗೆ ವಾಲುತ್ತದೆ ಎಂಬುದೂ 2020ರಲ್ಲಿ ಪ್ರಕಟವಾಗಿದೆ. ಇದಕ್ಕೆ ಬದಲಾಗಿ, ಆವೇಶದಲ್ಲಿ ಏನೂ ವ್ಯತ್ಯಾಸ ಮಾಡದೆ, ಎಸ್ಟರ್‌ನ ಸ್ಥಾನವನ್ನು ಎರಡು ಇಂಗಾಲದಷ್ಟು ಸರಿಸಿದ್ದರಿಂದಲೇ ಕಣವು ಯಕೃತ್ತನ್ನು ಬಿಟ್ಟು ಗುಲ್ಮವನ್ನು ಸೇರಿತೆಂದು ತೋರಿಸಿದರೆ, ಅದು ಯಾರೂ ಊಹಿಸದ ಫಲವೆಂದು ವಾದಿಸಲು ನಿಮ್ಮ ಕೈಯಲ್ಲಿ ಆಧಾರವಿರುತ್ತದೆ.

ಈ ಹೋಲಿಕೆಯಲ್ಲಿ ಲಿಪಿಡ್ ಒಂದನ್ನು ಬಿಟ್ಟು ಉಳಿದುದೆಲ್ಲ ಒಂದೇ ಆಗಿರಬೇಕು: ಕಣ ಒಯ್ಯುವ ಅದೇ ಆರ್‌ಎನ್‌ಎ, ಅದೇ ಪ್ರಮಾಣ, ಅದೇ ಅನುಪಾತ, ಅದೇ ಪೆಗ್ ಲಿಪಿಡ್. ಕಣದ ಗಾತ್ರವನ್ನು ಅಳೆದು ದಾಖಲಿಸಿ. ಹಳೆಯ ಲಿಪಿಡ್‌ನ ಕಣ 70 ನ್ಯಾನೊಮೀಟರ್, ಹೊಸದರ ಕಣ 130 ನ್ಯಾನೊಮೀಟರ್ ಆಗಿದ್ದರೆ, ಅಂಗ ಬದಲಾದದ್ದು ಗಾತ್ರದಿಂದಲೋ ರಚನೆಯಿಂದಲೋ ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿರುವುದಿಲ್ಲ. ಕಣದ ಪಿಕೆಎ ಮೌಲ್ಯವನ್ನೂ (ಅಯಾನೀಕರಣಗೊಳ್ಳುವ ಲಿಪಿಡ್‌ನ ಅರ್ಧದಷ್ಟು ಆವೇಶ ಪಡೆಯುವ ಪಿಎಚ್) ಅಳೆಯಿರಿ, ಯಕೃತ್ತಿಗೆ ಆರ್‌ಎನ್‌ಎ ಒಯ್ಯುವ ಲಿಪಿಡ್‌ಗಳಲ್ಲಿ 6.2ರಿಂದ 6.5ರ ವ್ಯಾಪ್ತಿ ಉತ್ತಮವೆಂಬುದು ಮೊದಲೇ ತಿಳಿದಿರುವುದರಿಂದ ಪರೀಕ್ಷಕರು ಅದನ್ನು ಕೇಳದೆ ಇರಲಾರರು.

ಕ್ಲೇಮ್ ಎಷ್ಟು ವಿಶಾಲವಾಗಿರಬೇಕು? ಮೂರು ಲಿಪಿಡ್ ತಯಾರಿಸಿ ಮೂರು ಲಕ್ಷ ಲಿಪಿಡ್‌ಗಳ ಮೇಲೆ ಹಕ್ಕು ಕೇಳುವುದು ಅಪಾಯಕರ. ಆಮ್ಜೆನ್ ಮತ್ತು ಸನೋಫಿ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2023ರಲ್ಲಿ, ಕೇಳಿದ ಹಕ್ಕು ಎಷ್ಟು ವಿಶಾಲವೋ ಅದನ್ನು ಮಾಡಿ ತೋರಿಸುವ ವಿವರಣೆಯೂ ಅಷ್ಟೇ ವಿಶಾಲವಾಗಿರಬೇಕೆಂದು ಹೇಳಿತು. ಅದು ಪ್ರತಿಕಾಯಗಳ ಪ್ರಕರಣವಾದರೂ ತತ್ವ ಲಿಪಿಡ್‌ಗಳಿಗೂ ಸಲ್ಲುತ್ತದೆ. ಬಾಲದ ಉದ್ದ, ಕವಲು, ಜೋಡಣೆಯ ಬಂಧ, ತಲೆಯ ಗುಂಪು ಇವುಗಳಲ್ಲಿ ಪ್ರತಿಯೊಂದರ ಎರಡೂ ತುದಿಗಳಿಗೆ ಸೇರಿದ ಉದಾಹರಣೆಗಳನ್ನು ತಯಾರಿಸಿ, ಪರೀಕ್ಷಿಸಿ, ಸೇರಿಸಿ.

ವ್ಯಾಖ್ಯೆಗಳನ್ನು ಒಂದೊಂದು ಪದವಾಗಿ ಓದಿ. ಆಲ್ನೈಲಮ್ ಕಂಪನಿಯು ತನ್ನ ಪೇಟೆಂಟ್‌ನಲ್ಲಿ, ಬೇರೆ ರೀತಿ ಹೇಳದ ಹೊರತು ‘ಕವಲೊಡೆದ ಆಲ್ಕೈಲ್’ ಎಂದರೆ ಒಂದು ಇಂಗಾಲವು ಕನಿಷ್ಠ ಮೂರು ಇಂಗಾಲಗಳಿಗೆ ಬಂಧಿತವಾಗಿರಬೇಕು ಎಂದು ಬರೆದಿತ್ತು. ಮಾಡರ್ನಾದ ಎಸ್‌ಎಂ-102 ಲಿಪಿಡ್‌ನಲ್ಲಿ ಕವಲಿನ ಇಂಗಾಲವು ಎರಡೇ ಇಂಗಾಲಗಳಿಗೆ, ಜೊತೆಗೆ ಒಂದು ಆಮ್ಲಜನಕಕ್ಕೆ ಬಂಧಿತವಾಗಿದೆ. 2025ರ ಜೂನ್‌ನಲ್ಲಿ ಅಮೆರಿಕದ ಅದೇ ಮೇಲ್ಮನವಿ ನ್ಯಾಯಾಲಯವು ಆ ವ್ಯಾಖ್ಯೆಯನ್ನೇ ಹಿಡಿದು, ಮಾಡರ್ನಾ ಆ ಪೇಟೆಂಟನ್ನು ಉಲ್ಲಂಘಿಸಿಲ್ಲವೆಂಬ ತೀರ್ಪನ್ನು ಎತ್ತಿಹಿಡಿಯಿತು. ಒಂದು ಇಂಗಾಲದ ಲೆಕ್ಕದಲ್ಲಿ ಇಡೀ ದಾವೆ ಕೈತಪ್ಪಿತು.

ದೇಶದಿಂದ ದೇಶಕ್ಕೆ ನಿಯಮ ಬೇರೆ. ಭಾರತದ ಕಾಯಿದೆಯ 3(ಡಿ) ಕಲಮು ತಿಳಿದ ವಸ್ತುವಿನ ಎಸ್ಟರ್, ಈಥರ್, ಐಸೋಮರ್‌ಗಳಂಥ ರೂಪಗಳಿಗೆ ಪರಿಣಾಮಕತೆ ಗಣನೀಯವಾಗಿ ಹೆಚ್ಚದ ಹೊರತು ಪೇಟೆಂಟ್ ನಿರಾಕರಿಸುತ್ತದೆ. ಔಷಧಗಳ ವಿಷಯದಲ್ಲಿ ಅದು ಚಿಕಿತ್ಸಕ ಪರಿಣಾಮಕತೆಯೇ ಆಗಿರಬೇಕೆಂದು ಭಾರತದ ಸುಪ್ರೀಂ ಕೋರ್ಟ್ 2013ರ ನೊವಾರ್ಟಿಸ್ ತೀರ್ಪಿನಲ್ಲಿ ಹೇಳಿತು. ವಾಹಕ ಲಿಪಿಡ್ ತಾನಾಗಿ ರೋಗ ವಾಸಿಮಾಡುವುದಿಲ್ಲ, ಆದ್ದರಿಂದ ಸ್ಥಿರತೆಯ ದತ್ತಾಂಶಕ್ಕೆ ನಿಲ್ಲದೆ, ಅದು ಒಯ್ದ ಔಷಧದ ಫಲ ಹೆಚ್ಚಿತೆಂಬ ದತ್ತಾಂಶವನ್ನೂ ಕೊಡುವುದು ಕ್ಷೇಮ ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಿಕಿತ್ಸಾ ವಿಧಾನದ ಕ್ಲೇಮ್‌ಗೆ ಅಮೆರಿಕದಲ್ಲಿ ಅವಕಾಶವಿದೆ, ಭಾರತದಲ್ಲೂ ಯುರೋಪಿನಲ್ಲೂ ಇಲ್ಲ. ಯುರೋಪಿನಲ್ಲಿ ಅದನ್ನು ‘ಇಂಥ ರೋಗದ ಚಿಕಿತ್ಸೆಯಲ್ಲಿ ಬಳಸಲು ಈ ಸಂಯೋಜನೆ’ ಎಂದು ತಿರುಗಿಸಿ ಬರೆಯಬೇಕು.

ಮೊದಲ ಅರ್ಜಿಯ ದಿನದಿಂದ 12 ತಿಂಗಳೊಳಗೆ ಪಿಸಿಟಿ (ಪೇಟೆಂಟ್ ಸಹಕಾರ ಒಪ್ಪಂದ) ಅಂತರರಾಷ್ಟ್ರೀಯ ಅರ್ಜಿಯನ್ನೂ, ಬಹುತೇಕ ದೇಶಗಳಲ್ಲಿ 30 ಅಥವಾ 31 ತಿಂಗಳೊಳಗೆ ರಾಷ್ಟ್ರೀಯ ಅರ್ಜಿಗಳನ್ನೂ ಸಲ್ಲಿಸಬೇಕು. ಆ ಮೊದಲ 12 ತಿಂಗಳನ್ನು ಇನ್ನಷ್ಟು ಹೋಲಿಕೆಯ ಪ್ರಯೋಗಗಳಿಗೆ ಮೀಸಲಿಡಿ. ಆದರೆ ಆ ಅವಧಿಯಲ್ಲಿ ಹೊಸದಾಗಿ ಸೇರಿಸಿದ ಲಿಪಿಡ್‌ಗೆ ಹಳೆಯ ದಿನಾಂಕ ದೊರೆಯುವುದಿಲ್ಲ. ನಡುವೆ ನಿಮ್ಮದೇ ಪ್ರಬಂಧ ಅಚ್ಚಾಗಿದ್ದರೆ, ಆ ಲಿಪಿಡ್‌ನ ವಿರುದ್ಧ ಪರೀಕ್ಷಕರು ಅದನ್ನೇ ಮುಂದಿಡಬಹುದು.