ಜರ್ಮನಿಯಲ್ಲಿ ಹಲ್ಲಿಗೆ ಕ್ಲಿಪ್: ಬಾಯಲ್ಲಿ ಕ್ಯಾಪ್, ಬ್ರಿಡ್ಜ್, ಇಂಪ್ಲಾಂಟ್ ಇರುವ ಮಲೆನಾಡಿಗರಿಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಜರ್ಮನಿಗೆ ಬಂದವರು ಒಬ್ಬರಾದ ಮೇಲೊಬ್ಬರು ಇದನ್ನೇ ಮಾಡುತ್ತಿದ್ದಾರೆ. ಡಿಸೆಂಬರ್ ರಜೆಗೆ ಊರಿಗೆ ಹೋದಾಗ, ಕಿತ್ತ ಹಲ್ಲಿನ ಜಾಗಕ್ಕೆ ಖರ್ಚು ಕಡಿಮೆಯೆಂದು ಇಂಪ್ಲಾಂಟೋ (ಮೂಳೆಯೊಳಗೆ ಕೂರಿಸುವ ಟೈಟೇನಿಯಂ ಸ್ಕ್ರೂ, ಅದರ ಮೇಲೊಂದು ಕ್ಯಾಪ್) ಬ್ರಿಡ್ಜೋ (ಅಕ್ಕಪಕ್ಕದ ಹಲ್ಲುಗಳ ಆಧಾರದ ಮೇಲೆ ಕೂರುವ ಕೃತಕ ಹಲ್ಲು) ಹಾಕಿಸಿಕೊಂಡು ಬರುತ್ತಾರೆ. ಕ್ಲಿಪ್ ಹಾಕಿಸಿ ಹಲ್ಲು ನೇರ ಮಾಡಿಸುವ ಯೋಚನೆ ಬರುವುದು ಆಮೇಲೆ. ಅಷ್ಟರಲ್ಲಿ ಕ್ರಮ ತಲೆಕೆಳಗಾಗಿರುತ್ತದೆ.

ಸಹಜ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳುವಾದ ನಾರಿನ ಪದರವಿದೆ. ತಂತಿ ಒತ್ತಿದ ಕಡೆ ಮೂಳೆ ಕರಗುತ್ತದೆ, ಹಿಂಬದಿಯಲ್ಲಿ ಹೊಸ ಮೂಳೆ ಕಟ್ಟುತ್ತದೆ, ಹಲ್ಲು ಸರಿಯುತ್ತದೆ. ಇಂಪ್ಲಾಂಟಿಗೆ ಆ ಪದರವಿಲ್ಲ. ಟೈಟೇನಿಯಂ ನೇರವಾಗಿ ಮೂಳೆಗೆ ಬೆಸೆದುಕೊಂಡಿರುವುದರಿಂದ ಎಷ್ಟು ಎಳೆದರೂ ಕದಲದು. ಸರಿಯಾದ ಜಾಗದಲ್ಲಿದ್ದರೆ ಉಳಿದ ಹಲ್ಲುಗಳನ್ನೆಳೆಯಲು ಒಳ್ಳೆಯ ಆಧಾರವಾಗುತ್ತದೆ, ನಿಜ. ಆದರೆ ಹಲ್ಲು ನೇರವಾಗುವ ಮೊದಲೇ ಸರಿಯಾದ ಜಾಗ ಯಾವುದೆಂದು ಹೇಳುವುದು ಕಷ್ಟ.

ಕೆಳದವಡೆಯ ಮೊದಲ ದವಡೆ ಹಲ್ಲನ್ನೇ ನೋಡಿ. ಅದನ್ನು ಕಿತ್ತು ಕೆಲವು ವರ್ಷ ಬಿಟ್ಟರೆ ಹಿಂದಿನ ಹಲ್ಲು ಮುಂದಕ್ಕೆ ವಾಲಿ ಜಾಗ ಕಿರಿದಾಗುತ್ತದೆ. ಇಂಪ್ಲಾಂಟಿಗೂ ಪಕ್ಕದ ಹಲ್ಲಿನ ಬೇರಿಗೂ ಕನಿಷ್ಠ 1.5 ಮಿಲಿಮೀಟರ್ ಅಂತರ ಬೇಕು. ಕಿರಿದಾದ ಜಾಗದಲ್ಲೇ ಅದನ್ನು ಕೂರಿಸಿ, ಆಮೇಲೆ ವಾಲಿದ ಹಲ್ಲನ್ನು ನೆಟ್ಟಗೆ ಮಾಡಿದರೆ ಹಿಂದೆ ಸಂದು ಬೀಳುತ್ತದೆ. ಆಗ ಕ್ಯಾಪನ್ನು ಅಗಲವಾಗಿ ಹೊಸದಾಗಿ ಮಾಡಿಸಬೇಕು, ಅದರ ಚಾಚಿದ ಅಂಚಿನಡಿ ಅನ್ನ ಸಿಕ್ಕಿಕೊಳ್ಳುತ್ತದೆ. ಬ್ರಿಡ್ಜಿನ ಕಥೆಯೂ ಅಷ್ಟೇ. ಅದರ ಎರಡು ಆಧಾರದ ಹಲ್ಲುಗಳು ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ, ಬೇರೆ ಬೇರೆಯಾಗಿ ಸರಿಯಲಾರವು. ಬ್ರಿಡ್ಜ್ ಕತ್ತರಿಸಿ, ತಾತ್ಕಾಲಿಕ ಕ್ಯಾಪ್ ಹಾಕಿ, ಕ್ಲಿಪ್ ಮುಗಿದ ಮೇಲೆ ಎಲ್ಲವನ್ನೂ ಮತ್ತೆ ಮಾಡಿಸಬೇಕು.

ಹಾಗಾಗಿ ರಜೆಯಲ್ಲಿ ಹುಳುಕು, ರೂಟ್ ಕೆನಾಲ್, ವಸಡಿನ ಚಿಕಿತ್ಸೆ ಮುಗಿಸಿ. ಇಂಪ್ಲಾಂಟ್, ಬ್ರಿಡ್ಜ್, ಕೊನೆಯ ಕ್ಯಾಪ್ ಮಾತ್ರ ಬೇಡ. ರೂಟ್ ಕೆನಾಲ್ ಆದ ಹಲ್ಲಿಗೆ ಗಟ್ಟಿಯಾದ ತಾತ್ಕಾಲಿಕ ಕ್ಯಾಪ್ ಸಾಕು. ಆ ಹಲ್ಲು ಸರಿಯುವುದರಲ್ಲಿ ತೊಂದರೆಯಿಲ್ಲ, ಬೇರಿನ ತುದಿಯ ಸೋಂಕು ವಾಸಿಯಾಗಿದೆಯೆಂದು ಎಕ್ಸ್‌ರೇಯಲ್ಲಿ ಕಂಡಿರಬೇಕು, ಅಷ್ಟೇ.

ಕ್ಯಾಪ್ ಈಗಾಗಲೇ ಇದ್ದರೆ ಅದು ಯಾವುದರದ್ದೆಂದು ಬರೆಸಿಕೊಂಡು ಬನ್ನಿ. ಪಿಂಗಾಣಿಯ ಮೇಲೆ ಬ್ರಾಕೆಟ್ (ತಂತಿ ಹಿಡಿಯುವ ಪುಟ್ಟ ಗುಂಡಿ) ಅಂಟಿಸಲು ಹೈಡ್ರೋಫ್ಲೋರಿಕ್ ಆಸಿಡ್ ಮತ್ತು ಅಂಟು ಹಿಡಿಸುವ ಸೈಲೇನ್ ಬೇಕು. ಜಿರ್ಕೋನಿಯಾ ಎಂಬ ಗಟ್ಟಿ ಬಿಳಿ ವಸ್ತುವಿನ ಕ್ಯಾಪಿಗೆ ಆ ಆಸಿಡ್ ತಾಗುವುದಿಲ್ಲ. ಮರಳು ಊದಿ, ಬೇರೆ ಪ್ರೈಮರ್ ಹಚ್ಚಬೇಕು. ತಿಳಿಯದೆ ಅಂಟಿಸಿದ್ದು ಮತ್ತೆ ಮತ್ತೆ ಕಳಚುತ್ತದೆ. ಅಡಿಕೆ ಕಡಿಯುವವರಿಗಂತೂ ಬೇಗ. ದವಡೆ ಹಲ್ಲಿನ ಕ್ಯಾಪಿಗೆ ಸುತ್ತುಪಟ್ಟಿ ಹಾಕಲು ಕೇಳಿ. ಇಂಪ್ಲಾಂಟ್ ಇದ್ದರೆ ಅದರ ಡಬ್ಬಿಯ ಸ್ಟಿಕ್ಕರ್ ಬೇಕು: ಕಂಪನಿ, ವ್ಯಾಸ, ಉದ್ದ, ಲಾಟ್ ನಂಬರ್. ಅದಿಲ್ಲದಿದ್ದರೆ ಇಲ್ಲಿನ ವೈದ್ಯರಿಗೆ ಸ್ಕ್ರೂ ಬಿಚ್ಚಲು ಯಾವ ಡ್ರೈವರ್ ಬೇಕೆಂದೇ ತಿಳಿಯುವುದಿಲ್ಲ.

ಇನ್ನು ಇಲ್ಲಿನ ಲೆಕ್ಕ. ಸರ್ಕಾರಿ ಕ್ರಾಂಕನ್‌ಕಾಸೆ (ಆರೋಗ್ಯ ವಿಮಾ ಸಂಸ್ಥೆ) 18 ದಾಟಿದವರ ಕ್ಲಿಪ್ಪಿಗೆ ದುಡ್ಡು ಕೊಡುವುದಿಲ್ಲ. ದವಡೆಯ ಶಸ್ತ್ರಚಿಕಿತ್ಸೆಯೂ ಬೇಕಾಗುವಷ್ಟು ಗಂಭೀರ ತೊಂದರೆಯಿದ್ದರೆ ಮಾತ್ರ ಕೊಡುತ್ತದೆ. ಮಕ್ಕಳಿಗೆ ವಕ್ರತೆ 5ರ ಮಾಪನದಲ್ಲಿ 3 ಅಥವಾ ಹೆಚ್ಚಿದ್ದರೆ ಸಿಗುತ್ತದೆ. ಶೇ. 20 ನೀವು ಕೈಯಿಂದ ಕಟ್ಟುತ್ತೀರಿ, ಚಿಕಿತ್ಸೆ ಪೂರ್ತಿಯಾದ ಮೇಲೆ ವಾಪಸ್ ಬರುತ್ತದೆ. ನಡುವೆ ಬಿಟ್ಟು ಊರಿಗೆ ಮರಳಿದರೆ ಬರುವುದಿಲ್ಲ.

ಕ್ಲಿಪ್ ಮುಗಿದ ಮೇಲಿನ ಬ್ರಿಡ್ಜ್ ಅಥವಾ ಇಂಪ್ಲಾಂಟಿನ ಕ್ಯಾಪಿಗೆ ಫೆಸ್ಟ್‌ಸುಶುಸ್ ಎಂಬ ಸಹಾಯಧನವಿದೆ. ನೀವು ಆರಿಸಿಕೊಂಡದ್ದರ ಬೆಲೆಯ ಮೇಲಲ್ಲ, ಅವರ ಪ್ರಮಾಣಿತ ಚಿಕಿತ್ಸೆಯ ಬೆಲೆಯ ಶೇ. 60. ಹಲ್ಲಿನ ತಪಾಸಣೆ ದಾಖಲಿಸುವ ಬೋನಸ್‌ಹೆಫ್ಟ್ ಎಂಬ ಪುಸ್ತಿಕೆಯಲ್ಲಿ 5 ವರ್ಷ ಸತತ ತಪಾಸಣೆಯ ಮುದ್ರೆಯಿದ್ದರೆ ಶೇ. 70, 10 ವರ್ಷವಿದ್ದರೆ ಶೇ. 75. ಖರ್ಚಿನ ಯೋಜನೆಗೆ ಕಾಸೆಯ ಒಪ್ಪಿಗೆ ಸಿಗುವ ಮೊದಲು ಹಲ್ಲು ಅರೆಯಲು ಬಿಡಬೇಡಿ, ಸಹಾಯಧನ ಕೈತಪ್ಪೀತು. ಖಾಸಗಿ ಪೂರಕ ವಿಮೆ ಮಾಡಿಸುವುದಿದ್ದರೆ ವೈದ್ಯರು ಕ್ಲಿಪ್ ಬೇಕೆಂದು ಕಡತದಲ್ಲಿ ಬರೆಯುವ ಮೊದಲೇ ಮಾಡಿಸಿ. ವಯಸ್ಕರ ಕ್ಲಿಪ್ಪಿಗೆ ಅದು ಅನ್ವಯಿಸುತ್ತದೆಯೇ ಎಂದು ಓದಿ ನೋಡಿ. ಹಲವು ಪಾಲಿಸಿಗಳು ಅಪಘಾತಕ್ಕೆ ಮಾತ್ರ ಕೊಡುತ್ತವೆ.

ಶಿವಮೊಗ್ಗದಲ್ಲಿ ಬೇಗ ಕೆಲಸವಾಗುತ್ತದೆ, ಎಲ್ಲ ತಜ್ಞರೂ ಹತ್ತಿರದಲ್ಲೇ ಸಿಗುತ್ತಾರೆ. ಆದರೆ ಖರ್ಚು, ಹಂತ ಎರಡನ್ನೂ ಮೊದಲೇ ಬರೆದುಕೊಡುವ ಜರ್ಮನ್ ಪದ್ಧತಿಯೇ ಮೇಲು. ಊರಿನಲ್ಲೂ ಅದನ್ನು ಕೇಳಿ ಪಡೆಯಿರಿ.

ಕ್ಲಿಪ್ ತೆಗೆದ ದಿನವೇ, ಹಲ್ಲು ಮತ್ತೆ ಸರಿಯದಂತೆ ಹಿಡಿದಿಡುವ ರಿಟೇನರ್ ಕೊಡುತ್ತಾರೆ. ಕೊನೆಯ ಕ್ಯಾಪ್ ಕೂತ ಮೇಲೆ ಹಲ್ಲಿನ ಆಕಾರ ಬದಲಾಗಿ ಅದು ಹೊಂದುವುದಿಲ್ಲ. ಎರಡನೆಯ ರಿಟೇನರಿನ ಖರ್ಚನ್ನೂ ಮೊದಲ ಯೋಜನೆಯಲ್ಲೇ ಬರೆಸಿ.