ಹೆಸರಿಲ್ಲದ ಮೂರು ಟ್ರಾನ್ಸಿಸ್ಟರ್‌ಗಳು

ಚಿತ್ರದುರ್ಗದ ಗುಜರಿಯಲ್ಲಿ ಒಂದೇ ಚೀಲದಲ್ಲಿ ಮೂರು ಹಳೇ ಟ್ರಾನ್ಸಿಸ್ಟರ್ ರೇಡಿಯೋ ಸಿಕ್ಕಿದವು. ಯಾವುದಕ್ಕೂ ಕಂಪನಿ ಹೆಸರಿನ ಪಟ್ಟಿ ಇರಲಿಲ್ಲ.

ನಾನು ಮೊದಲು ನೋಡುವುದು ಡಯಲ್. ದೊಡ್ಡ ಸೆಟ್ಟಿನಲ್ಲಿ ಕಿಲೋಹರ್ಟ್ಸ್ ಬದಲು ‘ಕಿಲೋಸೈಕಲ್’ ಅಂತ ಅದರ ಹಳೇ ಹೆಸರಿತ್ತು. ಹಿಂದಿನ ಮುಚ್ಚಳ ತೆಗೆದರೆ ಒಳಗೆ ಲೋಹದ ಟೋಪಿಯ ಎಸಿ128 ಟ್ರಾನ್ಸಿಸ್ಟರ್, ಅಂದರೆ ಜರ್ಮೇನಿಯಂ ಕಾಲದ್ದು. ಇನ್ನೆರಡರಲ್ಲಿ ಪ್ಲಾಸ್ಟಿಕ್ಕಿನ ಬಿಎಫ್194, ಸಿಲಿಕಾನ್. ಅವು ಆಮೇಲಿನವು. ವಯಸ್ಸು ತಿಳಿಯೋಕೆ ಇಷ್ಟು ಸಾಕು.

ಮೀಡಿಯಂ ವೇವ್‌ಗೆ ಆಂಟೆನಾ ಅಂದರೆ ಒಳಗಿರುವ ಫೆರೈಟ್ ರಾಡ್, ತಂತಿಯ ಕಾಯಿಲ್ ಸುತ್ತಿದ ಕಪ್ಪು ಕಡ್ಡಿ. ಉದ್ದನೆಯ ಏರಿಯಲ್ ಎಷ್ಟು ಎಳೆದರೂ ಶಾರ್ಟ್ ವೇವ್‌ಗಷ್ಟೇ ಉಪಯೋಗ. ದೊಡ್ಡದರ ರಾಡ್ ಒಂದು ಗೇಣು, ಚಿಕ್ಕದರದು ನನ್ನ ತೋರುಬೆರಳಷ್ಟು.

ಮೂರರಲ್ಲಿ ಯಾವುದು ಚೆನ್ನಾಗಿ ಹಿಡಿಯುತ್ತೆ ಅಂತ ಆಕಾಶವಾಣಿ ಬೆಂಗಳೂರು (612 ಕಿಲೋಹರ್ಟ್ಸ್) ಇಟ್ಟುಕೊಂಡು ಹೋಲಿಸಿದರೆ ಮೋಸ ಹೋಗ್ತೀರಿ. ಗಟ್ಟಿ ಸ್ಟೇಷನ್ ಬಂದಾಗ ಸೆಟ್ಟೇ ತನ್ನ ಸದ್ದು ತಗ್ಗಿಸಿಕೊಳ್ಳುತ್ತೆ, ಎಲ್ಲವೂ ಒಂದೇ ಥರ ಕೇಳುತ್ತವೆ. ಅದಕ್ಕೇ ನಾನು ಘಟ್ಟದಾಚೆಯ ಮಂಗಳೂರು 1089 ಆರಿಸಿಕೊಂಡೆ. ಅದೂ ಮಧ್ಯಾಹ್ನ, ಕರೆಂಟ್ ಹೋದಾಗ. ಎಲ್‌ಇಡಿ ಬಲ್ಬಿನ ಗೊರಗೊರ ಆಗ ಇರಲ್ಲ. ರಾತ್ರಿ ದೂರದ ಸ್ಟೇಷನ್ ಏರಿಳಿಯುತ್ತಿರುತ್ತೆ, ನಂಬೋಕಾಗಲ್ಲ.

ಊಟದ ಮಣೆಯ ಮೇಲೆ ಸೆಟ್ ಇಟ್ಟು ಮೆಲ್ಲಗೆ ತಿರುಗಿಸಿದೆ. ರಾಡಿನ ತುದಿ ಸ್ಟೇಷನ್ ಕಡೆ ಬಂದರೆ ಸದ್ದು ಕುಸಿಯುತ್ತೆ. ನಮ್ಮೂರಲ್ಲಿ ಒಂದು ಮಜಾ ಇದೆ. ಬೆಂಗಳೂರು ಒಂದು ಕಡೆ, ಧಾರವಾಡ ಸರಿಯಾಗಿ ಅದರ ಎದುರು ದಿಕ್ಕಿಗೆ. 612 ಕುಸಿದ ಕಡೆ ಧಾರವಾಡದ 765 ಕೂಡ ಕುಸಿಯುತ್ತೆ. ಸೆಟ್ ಹಾಗೇ ಇರುವಾಗ ಭದ್ರಾವತಿ 675 ಮಾತ್ರ ಗಟ್ಟಿಯಾಗಿ ಬರುತ್ತೆ!

ಆದರೆ ಮೊದಲ ಸುತ್ತಿನಲ್ಲಿ ಗೇಣುದ್ದದ ರಾಡೇ ಸೋತಿತು. ನೋಡಿದರೆ ಮೇಣ ಬಿಟ್ಟುಕೊಂಡು ಕಾಯಿಲ್ ರಾಡಿನ ನಡುವಿಗೆ ಸರಿದಿತ್ತು. 612 ಹಿಡಿದು, ಸದ್ದು ಜಾಸ್ತಿ ಆಗುವವರೆಗೆ ಕಾಯಿಲನ್ನು ಕೂದಲೆಳೆಯಷ್ಟು ಸರಿಸಿದೆ. ಆಮೇಲೆ 1089ರಲ್ಲಿ ಟ್ರಿಮ್ಮರ್, ಅಂದರೆ ಟ್ಯೂನಿಂಗ್ ಸರಿಪಡಿಸುವ ಪುಟ್ಟ ತಿರುಪು, ತಿರುಗಿಸಿದೆ. ಒಂದನ್ನು ಮುಟ್ಟಿದರೆ ಇನ್ನೊಂದು ಕೆಡುತ್ತೆ, ಹಾಗಾಗಿ ನಾಲ್ಕು ಸಲ ಅತ್ತಿತ್ತ. ಅವಸರದಲ್ಲಿ ಕಾಯಿಲಿನ ತಂತಿ ಕಿತ್ತುಬಂತು. ಅದು ಒಂದು ತಂತಿಯಲ್ಲ, ಕೂದಲಿಗಿಂತ ಸಣ್ಣ ಎಳೆಗಳ ಜಡೆ. ಎಲ್ಲ ಎಳೆಗೂ ಬೆಸುಗೆ ಕೂರದಿದ್ದರೆ ರಾಡಿನ ಕಸುವೇ ಹೋಗುತ್ತೆ. ಅರ್ಧ ದಿನ ಅದಕ್ಕೇ ಹೋಯಿತು. ಕೊನೆಗೆ ಮೇಣದಬತ್ತಿ ಕರಗಿಸಿ ಕಾಯಿಲ್ ಕೂರಿಸಿದೆ.

ಈಗ ದೊಡ್ಡದರಲ್ಲಿ ಮಂಗಳೂರು ಮಾತು ತಿಳಿಯುವಷ್ಟು ಬರುತ್ತದೆ. ಮಧ್ಯದ್ದರಲ್ಲಿ ಇದೆ ಅಂತ ಗೊತ್ತಾಗುತ್ತೆ, ಅಷ್ಟೇ. ಚಿಕ್ಕದರಲ್ಲಿ ಬರೀ ಸುಯ್ ಸದ್ದು. ಸುಮ್ನೆ ಇರಲಿ ಅಂತ ದೊಡ್ಡದನ್ನು 1089ಕ್ಕೇ ಇಟ್ಟು, ಆಫ್ ಮಾಡಿ, ರಾಡ್ ಸಾಲಾಗಿ ಬರುವಂತೆ ಚಿಕ್ಕದರ ಪಕ್ಕಕ್ಕೆ ಸರಿಸಿದೆ. ಚಿಕ್ಕದರ ಸುಯ್ ಒಳಗಿಂದ ಮಂಗಳೂರು ಎದ್ದು ಬಂತು.