ಡೈರಿ ಮುಂದೆ ಕೂತು ಮಾಡಿದ ಐದು ವರ್ಷದ ಪ್ಲಾನು (ನನ್ನ ಅನುಭವ)

2020ರ ಡಿಸೆಂಬರ್ ಎಲೆಕ್ಷನ್ ಮುಗಿದು ಹೊಸ ಬಾಡಿ ಬಂದ್ಮೇಲೆ ನಮ್ಮ ಪಂಚಾಯ್ತಿಲಿ ಐದು ವರ್ಷದ ದೂರದೃಷ್ಟಿ ಯೋಜನೆ ಮಾಡೋಕೆ ಕೂತ್ವಿ, ನಾನಾಗ ಮೆಂಬರ್. ತುಮಕೂರು ಜಿಲ್ಲೆಯ ಒಣ ಭಾಗ ನಮ್ದು, ಕಡ್ಲೆಕಾಯಿ, ಕುರಿ, ಹಾಲು ಇದ್ರ ಮೇಲೇ ಊರು ನಡೆಯೋದು, ಓದಿದ ಹುಡುಗ್ರು ಬೆಂಗಳೂರು ಸೇರ್ಕೊಂಡು ಹಬ್ಬಕ್ಕೆ ಬರ್ತಾರೆ.

ಗ್ರಾಮಸಭೆ ಹೆಂಗೆ ನಡಿಯುತ್ತೆ ಅಂತ ಹಳ್ಳಿಯವರಿಗೆ ಬಿಡಿಸಿ ಹೇಳೋದೇನೂ ಬೇಡ. ಕಾನೂನು ಪ್ರಕಾರ ಮತದಾರರಲ್ಲಿ ಹತ್ತನೇ ಒಂದು ಭಾಗ ಇಲ್ಲಾ 100 ಜನ, ಯಾವುದು ಕಮ್ಮಿನೋ ಅಷ್ಟು ಕೋರಂ ಇರ್ಬೇಕು. ಸರ್ಕಾರಿ ಮನೆ ಯಾರಿಗೆ ಅನ್ನೋ ಪಟ್ಟಿ ಓದೋವರ್ಗೂ ಜನ ಇರ್ತಾರೆ, ಹೆಸ್ರು ಬರ್ಲಿಲ್ಲ ಅಂದ್ರೆ ಬೈಕೊಂಡು ಹೋಗ್ತಾರೆ, ಉಳಿದಿದ್ದು ಮೈಕ್ ಹಿಡಿದವರ ಇಷ್ಟ. ಅದೂ ಬೆಳಗ್ಗೆ 11 ಗಂಟೆಗೆ ಇಟ್ರೆ ಕೂಲಿಗೆ ಹೋಗೋ ಹೆಂಗಸ್ರು ಹೆಂಗೆ ಬರ್ತಾರೆ ಹೇಳಿ.

ಅದಕ್ಕೆ ನಾವು ದೊಡ್ಡ ಸಭೆಗೆ ಮುಂಚೆ ಸಂಜೆ ಹೊತ್ತು ಹಾಲಿನ ಡೈರಿ ಹತ್ರ ಹೋಗಿ ಕೂತ್ವಿ. ಹಾಲು ಹಾಕೋಕೆ ಎಲ್ಲಾ ಜಾತಿಯವರೂ ಎಲ್ಲಾ ಮನೆಯವರೂ ಬರ್ಲೇಬೇಕು, ಅದ್ರಲ್ಲೂ ಹೆಂಗಸ್ರೇ ಜಾಸ್ತಿ, ಕ್ಯೂನಲ್ಲಿ ನಿಂತಾಗ ಮಾತಾಡೋಕೆ ಪುರುಸೊತ್ತೂ ಇರುತ್ತೆ. "ಊರಿಗೆ ಏನ್ ಬೇಕು" ಅಂತ ಮಾತ್ರ ಕೇಳ್ಬಾರ್ದು ಅಂತ ಮೊದ್ಲೇ ಮಾತಾಡ್ಕೊಂಡಿದ್ವಿ, ಹಂಗೆ ಕೇಳಿದ್ರೆ ಸಿಸಿ ರೋಡು, ಚರಂಡಿ, ಸಮುದಾಯ ಭವನ ಇಷ್ಟೇ ಬರೋದು, ಯಾಕಂದ್ರೆ ಪಂಚಾಯ್ತಿ ಕೊಡೋದು ಅದನ್ನೇ ಅಂತ ಜನಕ್ಕೆ ಅಭ್ಯಾಸ ಆಗ್ಬಿಟ್ಟಿದೆ. ನಾವು ಕೇಳಿದ್ದು, ಹತ್ತು ವರ್ಷ ಬಿಟ್ಟು ನಿಮ್ಮನೇಲಿ ಯಾರ್ಯಾರು ಇರ್ತೀರಾ? ಒಬ್ಬ ಅಜ್ಜಿ ಕ್ಯಾನ್ ಕೆಳಗಿಟ್ಟು "ನಾನೂ ನಮ್ಮೆಮ್ಮೆನೂ ಕಣಪ್ಪಾ, ಅದೂ ಇದ್ರೆ" ಅಂತು. ಎಲ್ಲಾ ನಕ್ರು. ಆದ್ರೆ ಕೇಳ್ತಾ ಹೋದಂಗೆ ಅರ್ಧಕ್ಕರ್ಧ ಮನೆ ಉತ್ರ ಇದೇ ಥರ. ವಯಸ್ಸಾದವರು ಒಬ್ಬೊಬ್ರೇ ಇರೋ ಊರಿಗೆ ಬೇಕಾಗಿರೋದು ಮನೆ ಹತ್ರ ಬಿಪಿ ಶುಗರ್ ಚೆಕ್ ಮಾಡೋರು, ನಲ್ಲಿಲಿ ನೀರು, ಮೇವು ಹೊರೋಕೆ ದೂರ ನಡೀದಂಗೆ ಇರೋದು. ಇದ್ಯಾವುದೂ ಹಳೇ ಪ್ಲಾನ್‌ಗಳಲ್ಲಿ ಇರ್ಲಿಲ್ಲ.

ದಲಿತರ ಕಾಲೋನಿಗೆ ಬೇರೆಯಾಗಿ ಹೋಗಿ ಕೂತ್ವಿ, ಗುಡಿ ಮುಂದೆ ಸಭೆ ಇಟ್ರೆ ಅವ್ರು ದೂರ ನಿಂತು ಹೋಗ್ತಾರೆ, ಇದನ್ನ ಗೊತ್ತಿಲ್ಲದಂಗೆ ನಟಿಸಿ ಪ್ರಯೋಜನ ಇಲ್ಲ. ಅಲ್ಲಿ ಹೆಂಗಸ್ರು ಹೇಳಿದ್ದು ಒಂದೇ, ನೀರು ರಾತ್ರಿ ಹತ್ತಕ್ಕೆ ಬರುತ್ತೆ, ಅಷ್ಟೊತ್ತಿಗೆ ಪ್ರೆಷರ್ ಇರಲ್ಲ. ವಾಟರ್‌ಮನ್‌ನ ಕರೆದು ಕೇಳಿದ್ರೆ ಆ ವಾಲ್ವ್ ಕೊನೇಲಿ ತಿರುಗಿಸೋದು, ಯಾವಾಗಿಂದ್ಲೋ ಹಂಗೇ ನಡ್ಕೊಂಡು ಬಂದಿದೆ ಅಂದ. ದಿನ ಬಿಟ್ಟು ದಿನ ಸರದಿ ಬದಲಾಯಿಸಿ ಅಂತ ತೀರ್ಮಾನ ಆಯ್ತು, ಒಂದು ರೂಪಾಯಿ ಖರ್ಚಿಲ್ಲ. ಮೇಲಿನ ಬೀದಿಯವರು ಒಂದಷ್ಟು ದಿನ ಗಲಾಟೆ ಮಾಡಿದ್ರು, ಮಾಡ್ಲಿ.

ನಿಜವಾದ ಜಗಳ ಆಗಿದ್ದು ಮ್ಯಾಪ್ ದಿನ. ಸ್ಕೂಲ್ ಗ್ರೌಂಡಲ್ಲಿ ರಂಗೋಲಿ ಪುಡೀಲಿ ಊರಿನ ನಕ್ಷೆ ಹಾಕಿಸಿದ್ವಿ, ಮಕ್ಕಳು ಮನೆಗೆ ಹಳದಿ, ಬೋರ್‌ವೆಲ್‌ಗೆ ನೀಲಿ ಅಂತ ತುಂಬ್ತಾ ಹೋದ್ರು, ಫ್ಲೋರೈಡ್ ಇರೋ ಬೋರ್‌ಗಳಿಗೆ ಕೆಂಪು ಸುತ್ತಿದ್ರು. ಮುಂದೆ ಊರು ಯಾವ ಕಡೆ ಬೆಳಿಬೇಕು ಅನ್ನೋ ಮಾತು ಬಂದಾಗ ಎಲ್ರೂ ರೋಡ್ ಕಡೆ ಬೊಟ್ಟು ಮಾಡಿದ್ರು, ಸೈಟಿಗೆ ರೇಟ್ ಇರೋದು ಅಲ್ಲೇ ಅಲ್ವಾ. ಆಗ ಒಬ್ರು ತಾತ ಎದ್ದು ಬಂದು ಕೋಲಲ್ಲಿ ಆ ಸೈಟುಗಳ ಮಧ್ಯೆನೇ ಉದ್ದಕ್ಕೂ ಒಂದು ಗೀರು ಎಳೆದ್ರು. ಕೆರೆಗೆ ನೀರು ಬರ್ತಿದ್ದ ಕಾಲುವೆ ಅದು, ಮಣ್ಣು ಹೊಡೆದು ಮುಚ್ಚಿರೋದು. ನಮ್ಮ ವಯಸ್ಸಿನವರು ಅರ್ಧ ಜನಕ್ಕೆ ಅದು ಅಲ್ಲಿತ್ತು ಅಂತಾನೇ ಗೊತ್ತಿಲ್ಲ. ಸೈಟ್ ತಗೊಂಡಿದ್ದವರು ಎದ್ದು ಕೂಗಾಡಿದ್ರು, ಆದ್ರೆ ರಂಗೋಲಿ ಮೇಲೆ ಎಲ್ರ ಕಣ್ಮುಂದೆ ಬಿದ್ದ ಗೀರನ್ನ ಅಳಿಸೋಕೆ ಯಾರೂ ಮುಂದೆ ಬರ್ಲಿಲ್ಲ. ಹೊಸ ಮನೆಗಳಿಗೆ ಎತ್ತರದ ಕಡೆ ಜಾಗ ಕೇಳೋದು, ಕಾಲುವೆ ಸರ್ವೆ ಮಾಡಿಸೋದು ಅಂತ ಬರೆಸಿದ್ವಿ.

ಮಕ್ಕಳ ಗ್ರಾಮಸಭೇನ ಸುಮಾರು ಕಡೆ ಫೋಟೋಗೆ ಮಾಡ್ತಾರೆ, ನಮ್ಮಲ್ಲಿ ಹೈಸ್ಕೂಲ್ ಹುಡ್ಗೀರು ಬಸ್ ಸ್ಟಾಪಲ್ಲಿ ಲೈಟಿಲ್ಲ ಅಂದಿದ್ದು ಆ ವರ್ಷಾನೇ ಆಯ್ತು.

ಆಮೇಲೆ ದುಡ್ಡಿನ ಲೆಕ್ಕ. 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ ಕೇಂದ್ರದಿಂದ ಪಂಚಾಯ್ತಿಗೆ ಬರ್ತಿದ್ದ 2021–26ರ ದುಡ್ಡಲ್ಲಿ ನೂರಕ್ಕೆ 60 ಭಾಗ ನೀರು ಮತ್ತೆ ನೈರ್ಮಲ್ಯಕ್ಕೇ ಅಂತ ಕಟ್ಟಿ ಹಾಕಿದ್ರು, ಊರಿನ ಇಷ್ಟಕ್ಕೆ ಅಂತ ಉಳಿದಿದ್ದು 40. ಇದನ್ನ ಸಭೇಲೇ ಬೋರ್ಡ್ ಮೇಲೆ ಬರೆದು ತೋರಿಸಿ, ದುಡ್ಡೇ ಬೇಡದ ಕೆಲಸ, ನಮ್ಮ ದುಡ್ಡಲ್ಲಿ ಆಗೋದು, ಉದ್ಯೋಗ ಖಾತ್ರಿಲಿ ಆಗೋದು, ಬೇರೆ ಇಲಾಖೆ ಬಾಗಿಲು ತಟ್ಬೇಕಾದ್ದು ಅಂತ ಜನರ ಕೈಲೇ ವಿಂಗಡಣೆ ಮಾಡಿಸಿದ್ವಿ. ಸಮುದಾಯ ಭವನ ತಾನಾಗೇ ಪಟ್ಟಿಯ ಕೆಳಗೆ ಹೋಯ್ತು, ನಾವ್ಯಾರೂ ಬೇಡ ಅನ್ನಲಿಲ್ಲ.

ಕಾಲುವೆ ಸರ್ವೆ ಇನ್ನೂ ಆಗಿಲ್ಲ, ಅರ್ಜಿ ಮೇಲೆ ಅರ್ಜಿ ಹೋಗಿದೆ. ಪ್ರತಿ ಗ್ರಾಮಸಭೆಲೂ ಅದನ್ನೇ ಮೊದಲ ವಿಷಯ ಮಾಡಿ ನಡಾವಳಿಗೆ ಬರೆಸ್ತಾ ಬಂದಿದೀವಿ, ನಡಾವಳಿಲಿ ಇಲ್ಲ ಅಂದ್ರೆ ಮುಂದೆ ಬರೋ ಬಾಡಿಯವರು ಅಂಥದ್ದೊಂದು ಕಾಲುವೆ ಇತ್ತಾ ಅಂತ ನಮ್ಮನ್ನೇ ಕೇಳ್ತಾರೆ.